ಕೈಜಾರಿದ ರೊಟ್ಟಿ

ಸೋವಿಯತ್ ಲಿಥುವೇನಿಯಾ
ಮಾರ್ಚ್ 1974

ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ,

ನಿನ್ನೆ ಶಾಲೆಯಲ್ಲಿ ಊಟದ ಹೊತ್ತಿಗೆ ನನ್ನ ಮಗಳು ಆಲ್ದೋನಾ ಕೈಜಾರಿದ ರೊಟ್ಟಿಯನ್ನು ಎತ್ತಿ, ಮುತ್ತಿಟ್ಟು, ಶಿಲುಬೆಯ ಗುರುತು ಮಾಡಿಕೊಂಡಳಂತೆ. "ದೇವರು ಬಂದು ನಿಂಗೆ ಮಾರ್ಕು ಕೊಡ್ತಾನೇನೇ? ಕಾನೂನು ಮೀರಿ ನಿಮ್ಮನೆಗೆ ಕದ್ದು ಬಂದು ಪ್ರಾರ್ಥನೆ ಕಲಿಸೋ ಸನ್ಯಾಸಿನಿ ಯಾರು, ಹೇಳು" ಎಂದು ಇತಿಹಾಸದ ಮೇಷ್ಟ್ರು ಸಂಜೆಯವರೆಗೂ ನಿಲ್ಲಿಸಿ ಕೇಳಿದರಂತೆ.

ರೊಟ್ಟಿಗೆ ಮುತ್ತಿಡುವುದನ್ನು ಅವಳಿಗೆ ಕಲಿಸಿದ್ದು ನಮ್ಮತ್ತೆ. ಅವರು ಹೋದ ವರ್ಷ ತೀರಿಕೊಂಡರು. ಮನೆಗೆ ಬೇರೆ ಯಾರೂ ಬರುವುದಿಲ್ಲ.

ನಾಳೆ ಪೊಲೀಸರು ಅವಳನ್ನು ವಿಚಾರಿಸುತ್ತಾರೆಂದು ಕೇಳಿದೆ. ಅವಳಿಗಿನ್ನೂ ಒಂಬತ್ತು ವರ್ಷ. ಹೆದರಿದರೆ ಯಾರ ಹೆಸರನ್ನಾದರೂ ಹೇಳಿಬಿಡುತ್ತಾಳೆ. ದಯವಿಟ್ಟು ಅವಳ ಬದಲು ನನ್ನನ್ನು ಕರೆಸಿ.

ಅತ್ತೆಯನ್ನು ಮಣ್ಣು ಮಾಡಿದ ದಿನ ನಮ್ಮಲ್ಲಿ ಊಟಕ್ಕೆ ಕುಳಿತಾಗ ನಿಮ್ಮ ಕೈಯಿಂದಲೂ ರೊಟ್ಟಿ ಜಾರಿತ್ತು. ಅದನ್ನೆತ್ತಿ ನೀವೇನು ಮಾಡಿದಿರೆಂದು ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಓದಿದ ಮೇಲೆ ಇದನ್ನು ಒಲೆಗೆ ಹಾಕಿ.

ಆಲ್ದೋನಾಳ ತಾಯಿ,
ಯದ್ವಿಗಾ