ಎಬೆನೇಜರ್ ಮುಚ್ಚಿದ ಮೇಲೆ

ಥಾರ್ನ್‌ಕ್ಲಫ್
೧೨ ಅಕ್ಟೋಬರ್ ೧೯೬೭, ಗುರುವಾರ

ನನ್ನ ಪ್ರೀತಿಯ ಆನಿಸ್,

ಸೊಂಟದ ನೋವು ಹೇಗಿದೆ? ಸಮುದ್ರದ ಗಾಳಿ ಒಗ್ಗಿತೇ? ಆ ಆರೈಕೆಮನೆಯಲ್ಲಿ ಚಹಾ ನೀರು ನೀರಾಗಿ ಕೊಡುತ್ತಾರೆಂದು ವಿಲ್ಫ್ ಹೇಳಿದ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಕೋಪ ಬಂದಿದ್ದರೆ ಅದು ನ್ಯಾಯವೇ. ಬರೆಯಲು ಕೂತಾಗಲೆಲ್ಲ ಒಲೆಯ ಬೂದಿ ತೆಗೆಯುವುದೋ ಇನ್ನೊಂದೋ ನೆಪ ಸಿಗುತ್ತಿತ್ತು.

ನಿನ್ನ ಗಂಡ ವಿಲ್ಫ್‌ನ ಊಟದ ಚಿಂತೆ ಬೇಡ. ಭಾನುವಾರ ನನ್ನಲ್ಲೇ ಊಟ. ನನ್ನ ಪುಡಿಂಗನ್ನು ಚಮಚದಿಂದ ತಟ್ಟಿ, "ಆನಿಸ್‌ದು ಉಬ್ಬುತ್ತೆ, ನಿಂದು ಮಲಗುತ್ತೆ ಹೆಪ್ಸಿ" ಎನ್ನುತ್ತಾನೆ. ಆಮೇಲೆ ಇನ್ನೊಂದಕ್ಕೆ ತಟ್ಟೆ ಚಾಚುತ್ತಾನೆ.

ನಮ್ಮ ಎಬೆನೇಜರ್ ಚಾಪೆಲ್ ಮುಚ್ಚಿತು. ಮೇಲಿನ ಬಟ್ಟೆ ಗಿರಣಿ ನಿಂತ ಮೇಲೆ ಗುಡ್ಡ ಹತ್ತಿ ಬರುವವರೇ ಕಡಿಮೆ. ಮಾಡು ಬೇರೆ ಸೋರುತ್ತಿತ್ತು. ಕೆಳಗಿನ ಚಾಪೆಲ್‌ನವರೊಡನೆ ಸೇರೋಣವೇ ಎಂದು ಪಾದ್ರಿಗಳು ಕೇಳಿದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ನೀನು, "ಎಬೆನೇಜರ್ ಬಿಟ್ಕೊಡ್ಬೇಡ ಕಣೇ" ಎಂದಿದ್ದೆ. ನನ್ನ ಮಂಡಿ ಕೇಳಲಿಲ್ಲ ಆನಿಸ್. ಕೆಳಗಿನವರಲ್ಲಿ ಬಿಸಿನೀರಿನ ಕೊಳವೆಗಳಿವೆ, ಕಾಲು ಬೆಚ್ಚಗಿರುತ್ತದೆ. ಅಷ್ಟಕ್ಕೇ ಕೈ ಎತ್ತಿಬಿಟ್ಟೆ.

ಕಡೆಯ ಆರಾಧನೆಗೆ ಮೇಲಿನ ಅಟ್ಟಣೆಯೂ ತುಂಬಿತ್ತು. ವರ್ಷಗಟ್ಟಲೆ ಮುಖ ತೋರಿಸದವರೆಲ್ಲ ಬಂದು ಅತ್ತರು. "ಇವ್ರಲ್ಲಿ ಅರ್ಧ ಜನ ವಾರವಾರ ಬಂದಿದ್ರೆ ಅಳೋ ಕೆಲ್ಸಾನೇ ಇರ್ತಿರ್ಲಿಲ್ಲ" ಎಂದು ವಿಲ್ಫ್ ಗೊಣಗಿದ. ಹಾಡು ಎದ್ದಾಗ ಮಾತ್ರ ಅವನ ದನಿಯೇ ಎಲ್ಲಕ್ಕಿಂತ ಮೇಲಿತ್ತು. ನಿನ್ನ ಜಾಗದಲ್ಲಿ ಯಾರನ್ನೂ ಕೂರಗೊಡಲಿಲ್ಲ.

ಉಪದೇಶದ ಪೀಠವನ್ನು ಹೆಂಡದಂಗಡಿಯವನೊಬ್ಬ ಕೊಂಡ. "ಇಷ್ಟು ವರ್ಷ ಕುಡಿಬೇಡಿ ಅಂತ ಬೈದ ಮರ. ಈಗ ಅದರ ಮೇಲೇ ಗ್ಲಾಸ್ ಇಡ್ತಾರೆ" ಎಂದ ವಿಲ್ಫ್. ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ಸಂಕಟವಾಯಿತು.

ಕಟ್ಟಡ ರತ್ನಗಂಬಳಿ ವ್ಯಾಪಾರಿಯೊಬ್ಬನ ಗೋದಾಮಾಗುತ್ತದೆ. ಹಿಂದಿನ ಅಂಗಳದ ಸಮಾಧಿಗಳನ್ನು ಊರ ಸ್ಮಶಾನಕ್ಕೆ ಸಾಗಿಸಿದರು. ನನ್ನ ಅಪ್ಪ, ನಿನ್ನ ಅಮ್ಮ ಈಗ ಅಕ್ಕಪಕ್ಕದಲ್ಲಿದ್ದಾರೆ. ಆ ಅಂಗಳಕ್ಕೆ ಲಾರಿ ನಿಲ್ಲಿಸಲು ಕಾಂಕ್ರೀಟು ಹಾಕಿದ್ದಾರೆ.

ಬೇಗ ನಡೆಯುವಂತಾಗು. ದೇವರು ನಿನ್ನ ಮೂಳೆಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ
ಹೆಪ್ಸಿ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಸಮಾಧಿಗಳನ್ನು ಅಗೆಯುವ ಮುಂಚೆ ನಗರಸಭೆಯವನೊಬ್ಬ ಎಲ್ಲರನ್ನೂ ಚಾಪೆಲ್‌ನಲ್ಲಿ ಸೇರಿಸಿ, "ಕಲ್ಲಿಲ್ಲದ ಗೋರಿ ಎಲ್ಲಾದ್ರೂ ಇದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ" ಎಂದ. ಪಾದ್ರಿಗಳು ನನ್ನತ್ತ ನೋಡಿದರು, ನಾನು ಚಾಪೆಲ್ ನೋಡಿಕೊಳ್ಳುತ್ತಿದ್ದವನ ಮಗಳಲ್ಲವೇ. ನಿನಗೆ ವಿಲ್ಫ್‌ನ ಪರಿಚಯವಾಗುವ ಮೊದಲು, ಉಸಿರಿಲ್ಲದೆ ಹುಟ್ಟಿದ ನಿನ್ನ ಮಗುವನ್ನು ಅಪ್ಪ ಯಾರಿಗೂ ತಿಳಿಸದೆ ಹಿಂದಿನ ಅಂಗಳದ ಗೋಡೆಯ ಬುಡದಲ್ಲಿ ಮಣ್ಣು ಮಾಡಿದಾಗ, ನಿನ್ನ ಕೈ ಹಿಡಿದು ನಿಂತಿದ್ದವಳು ನಾನೊಬ್ಬಳೇ.

ಎದುರು ಸಾಲಿನಿಂದ ವಿಲ್ಫ್ ನನ್ನನ್ನೇ ನೋಡುತ್ತಿದ್ದ. ಗಿರಣಿಯ ಮಗ್ಗಗಳ ಸದ್ದಿನಲ್ಲಿ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದವರು ನಾವು. ದನಿಯಿಲ್ಲದೆ, ತುಟಿಯಲ್ಲೇ ಹೇಳಿದ: "ಹೇಳು ಹೆಪ್ಸಿ." ಅವನಿಗೆ ಗೊತ್ತಿತ್ತು.

ನಾನು, "ಯಾವ್ದೂ ಇಲ್ಲ" ಎಂದೆ.

ನಿನ್ನ ಗುಟ್ಟು ಕಾಪಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಅದು ಸುಳ್ಳು. ಕದ್ದು ಹೂಳಿದ ಮನುಷ್ಯ ಎಂದು ಊರವರು ಅಪ್ಪನನ್ನು ಆಡಿಕೊಳ್ಳುತ್ತಾರಲ್ಲ, ನನಗೆ ಇದ್ದದ್ದು ಆ ಭಯವೊಂದೇ.

ಮನೆಗೆ ಬರುವಾಗ ವಿಲ್ಫ್ ಹೇಳಿದ: "ಮದ್ವೆಗೆ ಮುಂಚೇನೇ ಅವ್ಳ ಅಮ್ಮ ನಂಗೆ ಹೇಳಿದ್ರು. ಆನಿಸ್ ತಾನಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಯಾವ ಜಾಗ ಹೆಪ್ಸಿ?" ಅದನ್ನು ಆನಿಸ್ ಹೇಳಬೇಕು, ನಾನಲ್ಲ ಎಂದು ಜಾರಿಕೊಂಡೆ. ಅವನು ಮತ್ತೆ ಕೇಳಲಿಲ್ಲ.

ಶನಿವಾರದ ಬಸ್ಸಿಗೆ ಅವನು ನಿನ್ನಲ್ಲಿಗೆ ಹೊರಟಿದ್ದಾನೆ. ಅದಕ್ಕೂ ಮೊದಲು ಇದು ನಿನಗೆ ತಲುಪಲೆಂದು ಈಗಲೇ ಅಂಚೆಗೆ ಹಾಕುತ್ತೇನೆ. ನಿನ್ನೆ ಕಾಂಕ್ರೀಟು ಸುರಿಯುವಾಗ ಅವನು ಟೋಪಿ ತೆಗೆದು ಅಂಗಳದ ಅಂಚಿನಲ್ಲಿ ನಿಂತಿದ್ದ. ಯಾವ ಕಡೆ ಮುಖ ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.