ಆಕಾಶ ಸುಮ್ಮನಿದೆ ಎಂದವನಿಗೆ

ದುರಸ್ತಿ ಕೋಣೆ, ಗುಡ್ಡದ ಮೇಲೆ
ಒಂಬತ್ತನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಗುಂಡೂ,

ನಿರ್ದೇಶಕರೇ ಎಂದು ಶುರು ಮಾಡೋಣ ಅಂದುಕೊಂಡೆ, ಕೈ ಓಡಲಿಲ್ಲ. ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಒಂದೂವರೆ ಗಂಟೆ ನಿಂತೇ ಭಾಷಣ ಮಾಡಿದೆಯೆಂದು ನಿನ್ನ ಹೆಂಡತಿ ಫೋನಿನಲ್ಲಿ ಹೆಮ್ಮೆಪಟ್ಟಳು. ಮಾತ್ರೆಯ ಬಲದಲ್ಲಿ ನಿಂತೆಯೋ ಚಪ್ಪಾಳೆಯ ಬಲದಲ್ಲಿ ನಿಂತೆಯೋ ಅವಳು ಹೇಳಲಿಲ್ಲ. ಕೆಮ್ಮಂತೂ ಇದೆ, ರೇಡಿಯೊದಲ್ಲೇ ಕೇಳಿಸಿತು. ಬಿಸಿನೀರು ಕುಡಿ, ಸಭೆಯವರು ತಂದಿಡುವ ತಣ್ಣೀರು ಮುಟ್ಟಬೇಡ. ನಾನು ಆರಾಮ. ನಿನ್ನ ಭಾವನ ಕಿವಿ ಇನ್ನಷ್ಟು ಮಂದವಾಗಿದೆ, ಹಾಗಾಗಿ ನಮ್ಮ ಸಂಸಾರ ಮೊದಲಿಗಿಂತ ನೆಮ್ಮದಿಯಾಗಿ ನಡೆಯುತ್ತಿದೆ. ಈ ತಿಂಗಳ ಕೊನೆಗೆ ನನ್ನ ನಿವೃತ್ತಿ ಎಂಬುದು ನಿನಗೆ ನೆನಪಿರಲಿಕ್ಕಿಲ್ಲ. ನೀನು ಬ್ರಹ್ಮಾಂಡದ ಲೆಕ್ಕದಲ್ಲಿರುವವನು, ಅಕ್ಕನ ಕೆಲಸದ ಕೊನೆಯ ದಿನ ನಿನ್ನ ಡೈರಿಯಲ್ಲಿ ಎಲ್ಲಿ ಹಿಡಿಸಬೇಕು!

ಭಾಷಣವನ್ನು ಪೂರ್ತಿ ಕೇಳಿದೆ. "ಇಪ್ಪತ್ತೆಂಟು ವರ್ಷ ನಾವು ಆಕಾಶಕ್ಕೆ ಕಿವಿಗೊಟ್ಟೆವು. ಯಾರೂ ಮಾತಾಡಲಿಲ್ಲ. ಈ ವಿಶ್ವದಲ್ಲಿ ನಾವು ಒಂಟಿ" ಎಂದೆ ನೀನು. ಆಮೇಲೆ ಒಂದು ಗಳಿಗೆ ಸುಮ್ಮನಾದೆ. ಚಿಕ್ಕಂದಿನಲ್ಲಿ ಅಪ್ಪನ ಮುಂದೆ ತಪ್ಪು ಒಪ್ಪಿಕೊಳ್ಳುವ ಮೊದಲು ಹೀಗೇ ಸುಮ್ಮನಾಗುತ್ತಿದ್ದೆ, ಅವರ ಮನಸ್ಸು ಕರಗಲಿ ಎಂದು. ಸಭೆಯೂ ಕರಗಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗೆಳೆದದ್ದು ಇಲ್ಲಿಯವರೆಗೆ ಕೇಳಿಸಿತು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಬೆಸುಗೆ ಹಾಕುತ್ತಿದ್ದ ಕೈ ಅಲುಗಿ ಬೆರಳು ಸುಟ್ಟುಕೊಂಡೆ.

ಎಲ್ಲಿ ಕಿವಿಗೊಟ್ಟೆವೋ ಮಾರಾಯ? ವಾರಕ್ಕೊಂದು ದಿನ, ಮಂಗಳವಾರ ಊಟದ ಮೇಲೆ, ಬೇರೆ ವಿಭಾಗದವರು ಆ ದೊಡ್ಡ ತಟ್ಟೆಯ ಆಂಟೆನಾವನ್ನು ನಮಗೆ ಬಿಟ್ಟುಕೊಟ್ಟರೆ ಮೂರು ಗಂಟೆ. ಅದರಲ್ಲಿ ಅರ್ಧ ಗಂಟೆ ತಟ್ಟೆ ತಿರುಗಿಸಿ ನಿಲ್ಲಿಸುವುದಕ್ಕೇ ಹೋಗುತ್ತಿತ್ತು. ಕೈ ಚಾಚಿ ಹೆಬ್ಬೆರಳು ಹಿಡಿದರೆ ಎಷ್ಟು ಆಕಾಶ ಮರೆಯಾಗುತ್ತದೋ, ಅದಕ್ಕಿಂತ ಕಡಿಮೆ ಜಾಗವನ್ನು ಒಂದು ಸಲಕ್ಕೆ ನೋಡುತ್ತಿದ್ದೆವು. ಗಾಳಿ ಜೋರಾದರೆ ರಜೆ, ಕರೆಂಟು ಹೋದರೆ ರಜೆ, ನಿನಗೆ ಮೀಟಿಂಗ್ ಇದ್ದರೆ ರಜೆ. ಓಣಿಯ ಈ ತುದಿಯಲ್ಲಿ ಒಂದು ಬಾಗಿಲಿಗೆ ಎರಡು ನಿಮಿಷ ಕಿವಿಯಿಟ್ಟು, ಊರೆಲ್ಲ ಸತ್ತಿದೆ ಎಂದು ಡಂಗುರ ಸಾರುವವನನ್ನು ಏನೆನ್ನುತ್ತಾರೆ? ನಿನ್ನನ್ನು ಡಾಕ್ಟರ್ ಎನ್ನುತ್ತಾರೆ.

ನಿಮ್ಮ ಚಹಾ ಕೋಣೆಯ ಪಂಡಿತರೂ ನಿನಗಿಂತ ಕಮ್ಮಿಯೇನಲ್ಲ. ಅಲ್ಲಿಯ ಪಂಖ ರಿಪೇರಿಗೆ ಹೋದಾಗಲೆಲ್ಲ ಏಣಿಯ ಮೇಲೆ ನಿಂತು ಕೇಳಿಸಿಕೊಂಡಿದ್ದೇನೆ. ಎರಡು ಸಲ ಮದುವೆ ಮುರಿದುಕೊಂಡ ಗಣಿತದ ಮೇಷ್ಟ್ರು, ಬುದ್ಧಿ ಬಂದ ಜೀವಿಗಳೆಲ್ಲ ತಮ್ಮ ತಮ್ಮಲ್ಲೇ ಹೊಡೆದಾಡಿ ನಾಶವಾಗುತ್ತವೆ, ಅದಕ್ಕೇ ಯಾರೂ ಉಳಿದಿಲ್ಲ ಎನ್ನುತ್ತಾರೆ. ಯಾರು ಬಂದರೂ ಬಾಗಿಲು ತೆರೆಯದ ಆಡಳಿತಾಧಿಕಾರಿ, ಅವರೆಲ್ಲ ಇದ್ದಾರೆ, ಬೇಕೆಂದೇ ಅಡಗಿ ಕೂತಿದ್ದಾರೆ ಎನ್ನುತ್ತಾರೆ. ಇನ್ನೊಬ್ಬರಿದ್ದಾರಲ್ಲ, ಬಡ್ತಿ ಸಿಗದ ಗ್ರಂಥಪಾಲಕರು, ಅವರ ಪ್ರಕಾರ ನಾವು ಮಾತಾಡಿಸುವುದಕ್ಕೂ ಯೋಗ್ಯರಲ್ಲ. ಮೂರು ಜನರೂ ತಂತಮ್ಮ ಮನೆಯ ಕಥೆಯನ್ನೇ ನಕ್ಷತ್ರಗಳಿಗೆ ಅಂಟಿಸಿ ಸಿದ್ಧಾಂತ ಎನ್ನುತ್ತಾರೆ. ಒಬ್ಬರಾದರೂ ಒಂದು ದಿನ ಗುಡ್ಡದ ಹಿಂಬದಿಯ ಈ ಕೋಣೆಗೆ ಬಂದು, "ಅಮ್ಮಾ, ಈ ಯಂತ್ರ ಸರಿಯಾಗಿ ಕೇಳುತ್ತಾ?" ಎಂದು ನನ್ನನ್ನು ಕೇಳಿದ್ದುಂಟೇ?

ಹತ್ತೊಂಬತ್ತು ವರ್ಷದ ಹಿಂದಿನ ಆ ಮಂಗಳವಾರವನ್ನು ಭಾಷಣದಲ್ಲಿ ನುಂಗಿಬಿಟ್ಟೆಯಲ್ಲ, ಅದನ್ನೂ ಗಮನಿಸಿದೆ. ಮೂರು ಗಂಟೆಯ ಸುಮಾರಿಗೆ ಮೀಟರಿನ ಮುಳ್ಳು ಟಪಟಪನೆ ಹಾರಿತು. ಏಳು ಸಲ ಹಾರಿ ನಿಂತು, ಮತ್ತೆ ಏಳು ಸಲ. ನೀನು ಚಪ್ಪಲಿ ಬಿಟ್ಟು ಮೆಟ್ಟಿಲು ಹಾರಿಕೊಂಡು ನನ್ನ ಕೋಣೆಗೆ ಓಡಿಬಂದೆ. "ಅಕ್ಕಾ, ಬಂದ್ರು ಕಣೇ! ಬಂದ್ರು!" ನನ್ನನ್ನು ಅಪ್ಪಿಕೊಂಡು ಅತ್ತೆ. ಆಗ ನನಗೂ ಕಣ್ಣು ತುಂಬಿತ್ತು, ಈಗ ಹೇಳುವುದಕ್ಕೇನು. ಎರಡು ದಿನ ತಡಿ, ನೋಡ್ತೀನಿ ಎಂದು ನಾನು ಹೇಳಿದರೂ ಕೇಳದೆ ಸಂಜೆಯೊಳಗೆ ಪತ್ರಿಕೆಯವರನ್ನು ಕರೆಸಿದೆ. ನಾನು ಮರುದಿನ ಕೈಯಲ್ಲಿ ಚಿಕ್ಕ ಆಂಟೆನಾ ಹಿಡಿದು ಗುಡ್ಡ ಇಳಿದೆ. ಲಾಂಡ್ರಿ, ಹಲ್ಲಿನ ಡಾಕ್ಟರ ಕೋಣೆ, ಬಸ್ ನಿಲ್ದಾಣ, ಒಂದನ್ನೂ ಬಿಡದೆ ಮೂರು ದಿನ ಸುತ್ತಿದೆ. ಕೊನೆಗೆ ಸಿಕ್ಕಿದ್ದು ತಿರುವಿನಲ್ಲಿರುವ ದರ್ಜಿ ಹೆಂಗಸಿನ ಅಂಗಡಿಯಲ್ಲಿ. ಅವಳ ಕರೆಂಟಿನ ಹೊಲಿಗೆ ಯಂತ್ರದ ಮೋಟಾರು ಕಿಡಿ ಕಾರುತ್ತಿತ್ತು, ಆ ಕಿಡಿಯೇ ನಮ್ಮ ರಿಸೀವರಿಗೆ ಮಿಡಿತವಾಗಿ ತಲುಪುತ್ತಿತ್ತು. ಒಂದು ಅಂಗಿಗೆ ಗುಂಡಿ ಹಾಕುವ ಏಳು ಕಾಜಾ, ಪ್ರತಿ ಕಾಜಾಕ್ಕೂ ಒಂದು ಸಲ ಮುಳ್ಳು ಹಾರುವುದು. ವಿಷಯ ಹೇಳಿದೆ. ಅವಳು ಕನ್ನಡಕ ಹಣೆಗೇರಿಸಿ, "ಅಷ್ಟು ದೂರ ಕೇಳಿಸ್ತಾ? ನಾನಿಲ್ಲಿ ಗಂಟಲು ಹರ್ಕೊಂಡ್ರೂ ಗಿರಾಕಿಗಳಿಗೇ ಕೇಳ್ಸಲ್ವಲ್ಲಮ್ಮ" ಎಂದಳು. ನಿನ್ನ ಬ್ರಹ್ಮಾಂಡದ ಬುದ್ಧಿಜೀವಿ ಅವಳೇ. ನಾನು ಈ ಗುಡ್ಡದ ಮೇಲೆ ಕಂಡವರೆಲ್ಲರಿಗಿಂತ ಅವಳಿಗೆ ಬುದ್ಧಿ ಹೆಚ್ಚಿತ್ತು ಎಂಬುದು ಬೇರೆ ಮಾತು.

ಪತ್ರಿಕೆಯವರು ನಿನ್ನನ್ನು ನಗೆಪಾಟಲು ಮಾಡಿದರು. ನೀನು ಕಾರಿಡಾರಿನಲ್ಲಿ ಎಲ್ಲರೆದುರು ನನ್ನ ಮೇಲೆ ಕೂಗಾಡಿದೆ. "ಹುಡುಕೋಕೆ ಯಾರು ಹೇಳಿದ್ರು ನಿಂಗೆ? ಒಂದು ವಾರ ಸುಮ್ನಿರೋಕಾಗ್ತಿರ್ಲಿಲ್ವಾ?" ಒಂದು ವಾರ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು, ಆ ಅಂಗಿಯ ಒಡೆಯ ಬೇರೆ ಗ್ರಹಕ್ಕೆ ಹೋಗುತ್ತಿದ್ದನೇ? ಅದಾದ ಹತ್ತನೇ ದಿನಕ್ಕೆ ನೀನು ಜವಾನನ ಕೈಯಲ್ಲಿ ಒಂದು ನಕ್ಷೆ ಕಳಿಸಿದೆ. ರಿಸೀವರಿಗೂ ಮುಳ್ಳಿಗೂ ನಡುವೆ ಒಂದು ಪೆಟ್ಟಿಗೆ ಕೂರಿಸಬೇಕು, ಇಂಥ ಮಿಡಿತ ಬಂದರೆ ಅದು ಅಲ್ಲೇ ಎತ್ತಿ ಎಸೆಯಬೇಕು. ನಾನು ಪೆಟ್ಟಿಗೆ ಮಾಡಿ ಕೂರಿಸಿದೆ. ಅಂದಿನಿಂದ ಇಂದಿನವರೆಗೆ ಮುಳ್ಳು ಒಂದು ಸಲವೂ ಹಾರಿಲ್ಲ. ನೀನು ಪ್ರತಿ ಮಂಗಳವಾರ "ಏನೂ ಇಲ್ಲ" ಎಂದು ಬರೆದು ಸಹಿ ಹಾಕಿದೆ, ಬೈಂಡ್ ಮಾಡಿಸಿದೆ, ಅದರ ಮೇಲೆ ಪುಸ್ತಕ ಬರೆದೆ, ಅದರ ಮೇಲೆ ಪ್ರಶಸ್ತಿ ತೆಗೆದುಕೊಂಡೆ.

ಈಗ ಸುದ್ದಿಗೆ ಬರುತ್ತೇನೆ. ಎರಡು ವಾರದ ಹಿಂದೆ, ನನ್ನ ಜಾಗಕ್ಕೆ ಬರುವ ಹುಡುಗಿಗೆ ಎಲ್ಲ ವಹಿಸಿಕೊಡುವ ಮುನ್ನ ಒಂದೊಂದನ್ನೇ ಪರೀಕ್ಷೆ ಮಾಡುತ್ತಿದ್ದೆ. ವರ್ಷಕ್ಕೊಮ್ಮೆ ರಿಸೀವರನ್ನು ಪರೀಕ್ಷಿಸುವಾಗ ನಾವು ಪೆಟ್ಟಿಗೆಯನ್ನು ಬದಿಗಿಡುತ್ತೇವೆ, ನಮ್ಮ ಪರೀಕ್ಷೆಯ ಮಿಡಿತವನ್ನೂ ಅದು ಎಸೆದುಬಿಡುತ್ತದೆಂದು. ಆ ಹುಡುಗಿ ಕೇಳಿದಳು: "ಆಂಟಿ, ಪೆಟ್ಟಿಗೆ ಇಟ್ಕೊಂಡೇ ಯಾವತ್ತೂ ನೋಡಿಲ್ವಾ?" ನೋಡಿರಲಿಲ್ಲ. ನೋಡಿದೆವು. ಅತಿ ಸಣ್ಣ ಮಿಡಿತ ಕೊಟ್ಟೆ, ಮುಳ್ಳು ಅಲುಗಲಿಲ್ಲ. ಇಮ್ಮಡಿ ಮಾಡಿದೆ, ಹತ್ತುಪಟ್ಟು ಮಾಡಿದೆ. ಮುಳ್ಳು ಹೊಟ್ಟೆ ತುಂಬ ಉಂಡು ಮಲಗಿದವರ ಹಾಗೆ ಬಿದ್ದುಕೊಂಡಿತ್ತು. ಹತ್ತೊಂಬತ್ತು ವರ್ಷ, ಗುಂಡು. ಮೇಲಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದ್ದರೂ ನಮಗೆ ಕೇಳುತ್ತಿರಲಿಲ್ಲ. ಕೂಗಿದರು ಎಂದು ನಾನು ಹೇಳುತ್ತಿಲ್ಲ. ಅವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಮಾತ್ರ ನಿನಗೆ ನಾಲಗೆ ಏಳುವುದಿಲ್ಲ.

ಗುರುವಾರ ಸಮಿತಿಯ ಮುಂದೆ ನಿನ್ನ ವರದಿ ಓದುತ್ತೀಯಂತೆ. ಕೇಳಬೇಕಾದ್ದನ್ನೆಲ್ಲ ಕೇಳಿ ಆಗಿದೆ, ಯಾರೂ ಇಲ್ಲ, ಈ ವಿಭಾಗವನ್ನು ಮುಚ್ಚಬಹುದು ಎಂದು ಬರೆದಿದ್ದೀಯಂತೆ. ಅದು ಸುಳ್ಳು. ಆ ಹುಡುಗಿ ಹಳೆಯ ಕೆಲಸ ಬಿಟ್ಟು ಇದನ್ನು ನಂಬಿ ಗುಡ್ಡ ಹತ್ತಿ ಬಂದಿದ್ದಾಳೆ. ಅವಳ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ನಿನಗೆ ಆಗುತ್ತದೋ ಇಲ್ಲವೋ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಭಾವ ನಿನ್ನನ್ನು ಕೇಳಿದರು, ಏನು ಕೇಳಿದರೆಂದು ಮೂರು ಸಲ ಕೂಗಿದರೂ ಅವರಿಗೇ ತಿಳಿಯಲಿಲ್ಲ. ಮಂಡಿಗೆ ಎಣ್ಣೆ ಹಚ್ಚು. ನಿನಗೆ ಒಳ್ಳೆಯದಾಗಲಿ, ಜೊತೆಗೆ ಸ್ವಲ್ಪ ಬುದ್ಧಿಯೂ ಬರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ನಿನ್ನ ಆ ಹಳೆಯ ನಕ್ಷೆ ಸಿಕ್ಕಿತು. ನಿನ್ನದೇ ಅಕ್ಷರದಲ್ಲಿ ಸ್ಪಷ್ಟವಾಗಿದೆ: ಊರೊಳಗಿನಿಂದ ಬರುವ ಜೋರು ಮಿಡಿತವನ್ನಷ್ಟೇ ಎಸೆಯಬೇಕು, ಸಣ್ಣದನ್ನು ಬಿಡಬೇಕು. ನಕ್ಷೆಯಲ್ಲಿ ತಪ್ಪಿಲ್ಲ. ಅದಕ್ಕೆ ಬೇಕಾದ ಒಂದು ಬಿಡಿಭಾಗ ನನ್ನ ಹತ್ತಿರ ಇರಲಿಲ್ಲ. ಕೇಳಬೇಕೆಂದರೆ ನಿನ್ನ ಕೋಣೆಗೆ ಬರಬೇಕಿತ್ತು. ಕಾರಿಡಾರಿನ ಆ ಕೂಗಾಟದ ಮೇಲೆ ನಾವು ಎಂಟು ತಿಂಗಳು ಮಾತಾಡಿರಲಿಲ್ಲ. ಡ್ರಾಯರಿನಲ್ಲಿದ್ದ ಬೇರೊಂದನ್ನು ಹಾಕಿ ಬೆಸುಗೆ ಹಚ್ಚಿದೆ, ಮಾತು ಶುರುವಾದ ಮೇಲೆ ಬದಲಿಸೋಣ ಎಂದು. ಮಾತು ಶುರುವಾಯಿತು, ಇದು ಮರೆತೇಹೋಯಿತು. ಇದಿಷ್ಟನ್ನೂ ಬರೆದು ಸಹಿ ಹಾಕಿ ಸಮಿತಿಗೆ ಇವತ್ತು ಬೆಳಿಗ್ಗೆಯ ಅಂಚೆಯಲ್ಲೇ ಕಳಿಸಿದ್ದೇನೆ. ಗುರುವಾರ ಅವರು ಕೇಳಿದರೆ ಅಕ್ಕನನ್ನು ಉಳಿಸಲು ಹೋಗಬೇಡ, ತಪ್ಪು ಅವಳದೇ ಎನ್ನು. ವಿಭಾಗ ಉಳಿಸು. ಮಂಗಳವಾರ ಪೆಟ್ಟಿಗೆ ಕಿತ್ತುಹಾಕಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಿಜವಾಗಿ ಕೇಳುತ್ತೇವೆ. ಬರುವುದಾದರೆ ಹನ್ನೊಂದರ ಬಸ್ಸು ಹಿಡಿ. ನಿನಗೂ ಒಂದು ಕುರ್ಚಿ ಹಾಕಿರುತ್ತೇನೆ.