ಅಕ್ಕನ ಮಾತು ತಿಳಿಯುವವರು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಬಾಯಿಗೆ ಬಾರದ್ದನ್ನು ಬರೆಯುತ್ತಿದ್ದೇನೆ. ಲಕ್ವ ಹೊಡೆದ ಮೇಲೆ ನಿನ್ನ ಅಕ್ಕನ ಇಂಗ್ಲಿಷ್ ಪೂರ್ತಿ ಹೊರಟುಹೋಗಿದೆ. ಇಂಗ್ಲಿಷ್ ಕಾದಂಬರಿಗಳಲ್ಲಿನ ನೆಲೆ ತಪ್ಪಿದವರ ಪರಕೀಯತೆಯನ್ನು ಜೀವಮಾನವಿಡೀ ಪಾಠ ಮಾಡಿದವಳಿಗೆ ಈಗ ಉಳಿದಿರುವುದು ಕನ್ನಡ ಮಾತ್ರ. ಈ ಪರದೇಶದ ಆಸ್ಪತ್ರೆಯಲ್ಲಿ ಅದು ಯಾರಿಗೂ ಬಾರದು.

ನಿನ್ನೆ ನಾನು ಕೆಲಸದಿಂದ ಓಡಿಬಂದಾಗ ಅವಳ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. "ಏನೇನೋ ಬಡಬಡಿಸ್ತಾ ಎದ್ದು ಬೀಳೋಕೆ ಹೋಗ್ತಾರೆ" ಎಂದಳು ನರ್ಸ್, ಇಂಗ್ಲಿಷಿನಲ್ಲಿ. ನಿನ್ನ ಅಕ್ಕ ಅಂಗಲಾಚುತ್ತಿದ್ದಳು: "ಬಚ್ಚಲಿಗೆ ಹೋಗ್ಬೇಕು, ಕೈ ಬಿಡಿ." ಹಾಸಿಗೆ ಆಗಲೇ ಒದ್ದೆಯಾಗಿತ್ತು. ಪಕ್ಕದಲ್ಲೇ ಕೂತಿದ್ದ ನಮ್ಮ ಮಗಳಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಮನೆಯಲ್ಲಿ ಅವಳೊಡನೆ ನಾವು ಇಂಗ್ಲಿಷನ್ನೇ ಆಡಿದವರಲ್ಲವೇ?

ನನಗಿನ್ನು ರಜೆ ಇಲ್ಲ. ಹೇಗಾದರೂ ಮಾಡಿ ಬಂದುಬಿಡು, ಹಗಲು ಅವಳ ಹತ್ತಿರ ಕೂತಿರು. ನಿನ್ನ ಕಾಲಿಗೆ ಬೀಳುತ್ತೇನೆ.

ಮಗಳು ಈಗ "ನೋವಾ? ನೀರಾ?" ಎಂದು ಕಲಿತು ಕೇಳುತ್ತಾಳೆ. ಇವತ್ತು ನಿನ್ನ ಅಕ್ಕ ಅವಳ ಕೆನ್ನೆ ಸವರಿ, "ಪಾಪ, ನೀವು ಯಾರ ಮನೆಯವರಮ್ಮಾ?" ಎಂದಳು. ಅರ್ಥವೇನೆಂದು ಮಗಳು ನನ್ನನ್ನು ಕೇಳಿದಳು. ಊಟ ಆಯ್ತಾ ಅಂತ ಕೇಳುತ್ತಿದ್ದಾಳೆ ಎಂದು ಹೇಳಿ, ಉತ್ತರವನ್ನೂ ಕಲಿಸಿದೆ.

ಮಗಳು ತಾಯಿಯ ಕೈ ಹಿಡಿದು, "ಆಯ್ತು, ಅಮ್ಮಾ" ಎಂದಳು.

ಬೇಗ ಬಾ.

ನಿನ್ನ ಭಾವ